ಗಳಲೆ ಲಸಿಕೆ ಹಾಕಿಸಿದ್ದರೂ ಕುರಿಗೆ ನ್ಯುಮೋನಿಯಾ ಏಕೆ ಬರುತ್ತದೆ?

ಮೇ ತಿಂಗಳಲ್ಲೇ ಹಿಂಡಿಗೆಲ್ಲ ಗಳಲೆ ರೋಗದ ಲಸಿಕೆ ಹಾಕಿಸಿ ಆಗಿರುತ್ತದೆ. ಜುಲೈನಲ್ಲಿ ಜಡಿಮಳೆ ಹಿಡಿದ ನಾಲ್ಕೈದು ದಿನಕ್ಕೆ ದೊಡ್ಡಿಯಲ್ಲಿ ಕೆಮ್ಮು ಕೇಳತೊಡಗುತ್ತದೆ, ಮೂಗಿನಲ್ಲಿ ಸಿಂಬಳ ಕಾಣುತ್ತದೆ, ಒಂದೆರಡು ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತವೆ. ಆಗ ಎಲ್ಲರೂ ಮೊದಲು ಬೈಯುವುದು ಲಸಿಕೆಯನ್ನು. ಲಸಿಕೆಯ ತಪ್ಪು ಏನೂ ಇರುವುದಿಲ್ಲ. ಅದು ತಡೆಯುವ ರೋಗಾಣುವೇ ಬೇರೆ, ಈಗ ಶ್ವಾಸಕೋಶಕ್ಕೆ ಇಳಿದಿರುವ ರೋಗಾಣುವೇ ಬೇರೆ.

ನಮ್ಮಲ್ಲಿ ಸಿಗುವ ಗಳಲೆ ಲಸಿಕೆ ತಯಾರಾಗುವುದು ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾದ ಬಿ:2 ಎಂಬ ಒಂದು ಬಗೆಯಿಂದ. ದನ, ಎಮ್ಮೆಗಳ ಗಂಟಲು ಊದಿಸಿ ಒಂದೆರಡು ದಿನದಲ್ಲಿ ಕೊಲ್ಲುವುದು ಈ ಬಗೆಯೇ. ಕುರಿ-ಮೇಕೆಗಳ ನ್ಯುಮೋನಿಯಾದಲ್ಲಿ ಹೆಚ್ಚಾಗಿ ಸಿಕ್ಕುವುದು ಮ್ಯಾನ್‌ಹೈಮಿಯಾ ಹೀಮೊಲಿಟಿಕಾ. 1999ರವರೆಗೆ ಇದನ್ನೂ ಪಾಶ್ಚುರೆಲ್ಲಾ ಗುಂಪಿನಲ್ಲೇ ಇಟ್ಟಿದ್ದರು. ಹಾಗಾಗಿ ಹಳೆಯ ಪುಸ್ತಕ, ಕರಪತ್ರಗಳಲ್ಲಿ ಎರಡಕ್ಕೂ ಪಾಶ್ಚುರೆಲ್ಲೋಸಿಸ್ ಎಂಬ ಒಂದೇ ಹೆಸರು ಕಾಣುತ್ತದೆ, ಗೊಂದಲ ಹುಟ್ಟಿದ್ದೂ ಅಲ್ಲಿಂದಲೇ. ಬ್ರಿಟನ್ನಿನಂಥ ದೇಶಗಳಲ್ಲಿ ಮ್ಯಾನ್‌ಹೈಮಿಯಾಗೆ ಬೇರೆಯೇ ಲಸಿಕೆ ಇದೆ. ನಮ್ಮ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಅದು ಸೇರಿಲ್ಲ. ಗಳಲೆ ಲಸಿಕೆ ಹಾಕಿಸಲೇಬೇಕು, ಆದರೆ ಅದನ್ನೇ ನ್ಯುಮೋನಿಯಾ ಲಸಿಕೆ ಎಂದು ನಂಬಿ ಕೂರಬಾರದು.

ಇನ್ನೊಂದು ತಪ್ಪು ಕಲ್ಪನೆ, ಈ ರೋಗ ಎಲ್ಲಿಂದಲೋ ಗಾಳಿಯಲ್ಲಿ ಬಂದು ಹಿಂಡಿಗೆ ಅಂಟಿಕೊಳ್ಳುತ್ತದೆ ಎಂಬುದು. ಮ್ಯಾನ್‌ಹೈಮಿಯಾ ಆರೋಗ್ಯವಾಗಿ ಮೇಯುತ್ತಿರುವ ಕುರಿಯ ಮೂಗು, ಗಂಟಲಿನಲ್ಲೇ ಮನೆ ಮಾಡಿಕೊಂಡಿರುತ್ತದೆ. ಮರಿಗಳಿಗೆ ಅದು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ದಾಟಿರುತ್ತದೆ. ಅಲ್ಲಿದ್ದಷ್ಟು ದಿನ ತೊಂದರೆ ಇಲ್ಲ. ಅದನ್ನು ಕೆಳಗೆ ಇಳಿಯಲು ಬಿಟ್ಟ ಕಾರಣ ಯಾವುದು ಎಂದು ಹುಡುಕಿದವರ ಹಿಂಡಿನಲ್ಲಿ ಸಾವು ನಿಲ್ಲುತ್ತದೆ. ಸಿರಿಂಜ್ ಒಂದನ್ನೇ ನಂಬಿದವರ ಹಿಂಡಿನಲ್ಲಿ ವರ್ಷ ವರ್ಷವೂ ಅದೇ ಕಥೆ.

ಒಳಗೆ ಆಗುವುದೇನು?

ಶ್ವಾಸನಾಳದ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಸದಾ ಅಲುಗಾಡುತ್ತ ಲೋಳೆಯನ್ನೂ ಅದರಲ್ಲಿ ಸಿಕ್ಕಿಕೊಂಡ ಧೂಳು, ರೋಗಾಣುಗಳನ್ನೂ ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಉಚ್ಚೆಯಿಂದ ಏಳುವ ಅಮೋನಿಯಾ, ಧೂಳು, ವೈರಸ್‌ಗಳು, ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇವೆಲ್ಲ ಮೊದಲು ಕೆಡಿಸುವುದು ಈ ರೋಮಗಳನ್ನೇ. ಅದೇ ಹೊತ್ತಿಗೆ ಮಳೆಯಲ್ಲಿ ನೆನೆದದ್ದು, ಲಾರಿ ಪ್ರಯಾಣ, ಹಾಲು ಬಿಡಿಸಿದ್ದು, ಮೇವಿನ ಕೊರತೆ ಇವುಗಳಲ್ಲೊಂದು ಸೇರಿ ಮೈಯ ರೋಗನಿರೋಧಕ ಶಕ್ತಿ ಕುಗ್ಗಿದರೆ, ಮೂಗಿನಲ್ಲಿದ್ದ ಮ್ಯಾನ್‌ಹೈಮಿಯಾ ಗಂಟೆಗಳ ಲೆಕ್ಕದಲ್ಲಿ ವೃದ್ಧಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಅಲ್ಲಿ ಅದು ಲ್ಯೂಕೋಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಬಿಳಿರಕ್ತಕಣಗಳನ್ನೇ ಹುಡುಕಿ ಒಡೆಯುವ ವಿಷ ಇದು. ಕಾಪಾಡಲು ಬಂದ ಕಣಗಳು ಒಡೆದು, ತಮ್ಮೊಳಗಿದ್ದ ಕಿಣ್ವಗಳನ್ನೆಲ್ಲ ಅಲ್ಲೇ ಚೆಲ್ಲುತ್ತವೆ. ಆ ಕಿಣ್ವಗಳು ಶ್ವಾಸಕೋಶವನ್ನೇ ಕರಗಿಸುತ್ತವೆ. ಹೀಗೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ದೇಹದ ಸ್ವಂತ ಕಿಣ್ವಗಳದ್ದು. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಂದೀತು, ಹಾಳಾದ ಶ್ವಾಸಕೋಶವನ್ನು ಮರಳಿ ಕಟ್ಟಿಕೊಡಲಾರದು. ಮೊದಲ ದಿನದ ಚಿಕಿತ್ಸೆಗೂ ಮೂರನೇ ದಿನದ ಚಿಕಿತ್ಸೆಗೂ ಇರುವ ವ್ಯತ್ಯಾಸ ಇಷ್ಟು ದೊಡ್ಡದಾಗಿರುವುದು ಇದರಿಂದಲೇ.

ಸತ್ತ ಕುರಿಯ ಎದೆ ತೆರೆದಾಗ ಇದು ಕಣ್ಣಿಗೇ ಕಾಣುತ್ತದೆ. ಒಳ್ಳೆಯ ಶ್ವಾಸಕೋಶ ತಿಳಿ ಗುಲಾಬಿ ಬಣ್ಣ, ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ. ನ್ಯುಮೋನಿಯಾದಲ್ಲಿ ಮುಂದಿನ ಮತ್ತು ಕೆಳಗಿನ ಭಾಗ ಕಡುಗೆಂಪಾಗಿ ಲಿವರ್‌ನಷ್ಟು ಗಟ್ಟಿಯಾಗಿರುತ್ತದೆ. ಆ ಭಾಗದ ಒಂದು ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ, ಒಳ್ಳೆಯ ಭಾಗ ತೇಲುತ್ತದೆ. ಎದೆಗೂಡಿನಲ್ಲಿ ಹಳದಿ ನೀರು ನಿಂತಿರಬಹುದು, ಪಕ್ಕೆಗೂ ಶ್ವಾಸಕೋಶಕ್ಕೂ ನಡುವೆ ಹಳದಿ ಪೊರೆ ಅಂಟಿರಬಹುದು. ಆದರೆ ಸತ್ತ ಪ್ರಾಣಿಯ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಕತ್ತಿ ಮುಟ್ಟಿಸಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು, ಮನುಷ್ಯರಿಗೂ ಬರುತ್ತದೆ. ಹಾಗೇ ಬಿಟ್ಟು ಪಶುವೈದ್ಯರಿಗೆ ತಿಳಿಸಿ.

ಒಂದೇ ರೋಗಾಣು ಅಲ್ಲ

ಮ್ಯಾನ್‌ಹೈಮಿಯಾ ಎಲ್ಲ ವಯಸ್ಸಿನ ಕುರಿಗಳಿಗೂ ಬರುತ್ತದೆ. ಎರಡು ಮೂರು ತಿಂಗಳೊಳಗಿನ ಮರಿಗಳಲ್ಲಿ ಅದು ರಕ್ತಕ್ಕೇ ಸೇರಿ, ಕೆಮ್ಮು ಕಾಣುವ ಮೊದಲೇ ಕೊಲ್ಲುವುದುಂಟು. ಬೈಬರ್ಸ್ಟೈನಿಯಾ ಟ್ರೆಹಲೋಸಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹಾಲು ಬಿಟ್ಟು ಬೆಳೆಯುತ್ತಿರುವ, ಸುಮಾರು 4ರಿಂದ 9 ತಿಂಗಳ ಮರಿಗಳನ್ನು ಹಿಡಿಯುತ್ತದೆ. ಬಡ ಮೇವಿನಿಂದ ಒಮ್ಮೆಲೇ ಸೊಂಪಾದ ಮೇವಿಗೆ ಬದಲಿಸಿದ ಕೆಲವು ದಿನಗಳಲ್ಲಿ, ಚೆನ್ನಾಗಿ ಮೈತುಂಬಿಕೊಂಡ ಮರಿಯೇ ರಾತ್ರೋರಾತ್ರಿ ಸಾಯುತ್ತದೆ. ಇದನ್ನು ಕರುಳು ಬೇನೆ ಎಂದುಕೊಳ್ಳುವುದು ಸಾಮಾನ್ಯ, ಶವಪರೀಕ್ಷೆ ಆಗದೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ.

ಮೈಕೋಪ್ಲಾಸ್ಮಾದ ಸ್ವಭಾವವೇ ಬೇರೆ. ಮೈಕೋಪ್ಲಾಸ್ಮಾ ಓವಿನ್ಯುಮೋನಿಯೆ ನಿಧಾನದ ಶತ್ರು. ಮರಿಗಳು ತಿಂಗಳುಗಟ್ಟಲೆ ಕೆಮ್ಮುತ್ತವೆ, ತಿನ್ನುತ್ತವೆ, ಸಾಯುವುದು ಕಡಿಮೆ, ತೂಕ ಮಾತ್ರ ಏರುವುದಿಲ್ಲ. ಟಗರು ಮರಿ ತಂದು ಮೇಯಿಸಿ ಮಾರುವವರಿಗೆ ಸಾವಿಗಿಂತ ಹೆಚ್ಚು ನಷ್ಟ ಮಾಡುವುದು ಇದೇ. ಏಕೆಂದರೆ ಈ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಮೇಲಾಗಿ ರೋಮಗಳನ್ನು ಕೆಡಿಸಿ ಮ್ಯಾನ್‌ಹೈಮಿಯಾಗೆ ದಾರಿ ಮಾಡಿಕೊಡುವುದೂ ಇದರ ಕೆಲಸ.

ಮೇಕೆಗಳಲ್ಲಿ ಭಯಪಡಬೇಕಾದದ್ದು ಸಿಸಿಪಿಪಿ, ಅಂದರೆ ಮೇಕೆಗಳ ಸಾಂಕ್ರಾಮಿಕ ಪ್ಲೂರೋನ್ಯುಮೋನಿಯಾ. 1873ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ವಿವರಿಸಲಾದ ಈ ರೋಗದ ಕಾರಣಜೀವಿಯನ್ನು 1976ರಲ್ಲಿ ಕೀನ್ಯಾದಲ್ಲಿ ಬೇರ್ಪಡಿಸಿದರು. ಅದೂ ಒಂದು ಮೈಕೋಪ್ಲಾಸ್ಮಾ. ಮೊದಲ ಸಲ ರೋಗ ಹೊಕ್ಕ ಹಿಂಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಮೇಕೆಗಳೂ ಬೀಳಬಹುದು, ಬಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯಬಹುದು. ಮೇಕೆ ಮುಂಗಾಲು ಅಗಲಿಸಿ, ಕುತ್ತಿಗೆ ಮುಂದಕ್ಕೆ ಚಾಚಿ ನಿಲ್ಲುತ್ತದೆ, ನಡೆಯಲು ಒಪ್ಪುವುದಿಲ್ಲ, ಪಕ್ಕೆ ಒತ್ತಿದರೆ ನರಳುತ್ತದೆ. ಎದೆ ತೆರೆದರೆ ಹಲವು ಸಲ ಒಂದೇ ಬದಿಯ ಶ್ವಾಸಕೋಶ ಗಟ್ಟಿಯಾಗಿ, ಹುಲ್ಲಿನ ಬಣ್ಣದ ನೀರು ತುಂಬಿರುತ್ತದೆ. ಹೀಗೆ ಕಂಡರೆ ಕಾಯಬೇಡಿ, ಇಲಾಖೆಗೆ ತಿಳಿಸಬೇಕಾದ ರೋಗ ಇದು. ಒಂದೇ ದೊಡ್ಡಿಯಲ್ಲಿ ಕುರಿಯೂ ಮೇಕೆಯೂ ಇದ್ದು, ಮೇಕೆ ಮಾತ್ರ ಸಾಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಗುರುತಿಸುವುದು

ನ್ಯುಮೋನಿಯಾ ಇದೆ ಎಂದು ಎಲ್ಲರಿಗೂ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಬೆಳಗಿನ ತಂಪಿನಲ್ಲಿ, ದೊಡ್ಡಿಯ ಬಾಗಿಲು ತೆಗೆಯುವ ಮೊದಲು, ಹಿಂಡನ್ನು ಎಬ್ಬಿಸದೆ ಐದು ನಿಮಿಷ ನೋಡಿ. ಮೆಲುಕು ಹಾಕದ, ಗುಂಪಿನಿಂದ ದೂರ ನಿಂತ, ಕಿವಿ ಜೋತುಬಿಟ್ಟ ಪ್ರಾಣಿಗಳ ಪಕ್ಕೆಯ ಏರಿಳಿತವನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ತಂಪು ಹೊತ್ತಿನಲ್ಲಿ ವಿಶ್ರಾಂತಿಯಲ್ಲಿರುವ ದೊಡ್ಡ ಕುರಿ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ, 40 ದಾಟಿದರೆ ಅನುಮಾನಿಸಿ. ಮಧ್ಯಾಹ್ನ ಎಣಿಸಬೇಡಿ, ಬಿಸಿಲಿಗೆ ಒಳ್ಳೆಯ ಕುರಿಯೂ ಏದುಸಿರು ಬಿಡುತ್ತದೆ. ಆಮೇಲೆ ಹಿಂಡನ್ನು ನೂರು ಅಡಿ ಮೆಲ್ಲಗೆ ಓಡಿಸಿ ನಿಲ್ಲಿಸಿ. ಹಿಂದೆ ಬಿದ್ದವು, ಕೆಮ್ಮಿದವು ಯಾವುವೆಂದು ಬಣ್ಣದ ಗುರುತು ಹಾಕಿ.

ಗುರುತು ಹಾಕಿದವುಗಳ ಜ್ವರ ನೋಡಿ. ಥರ್ಮಾಮೀಟರ್‌ಗೆ ಎಣ್ಣೆ ಸವರಿ ಗುದದೊಳಗೆ ಗೋಡೆಗೆ ತಾಗುವಂತೆ ಓರೆಯಾಗಿ ಇಟ್ಟು ಎರಡು ನಿಮಿಷ ಹಿಡಿಯಿರಿ; ಹಿಕ್ಕೆಯೊಳಗೆ ಚುಚ್ಚಿದರೆ ಕಡಿಮೆ ತೋರಿಸುತ್ತದೆ. 102ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 104 ದಾಟಿದರೆ ಜ್ವರ, ನ್ಯುಮೋನಿಯಾದಲ್ಲಿ 105-106 ಸಾಮಾನ್ಯ. ಸಾಯುವ ಮುನ್ನ ಜ್ವರ ಇಳಿದು ಮೈ ತಣ್ಣಗಾಗುತ್ತದೆ, ಅದನ್ನು ಗುಣವಾಯಿತು ಎಂದು ತಿಳಿಯಬೇಡಿ.

ಇದೇ ರೀತಿ ಕಾಣುವ ಬೇರೆ ಕಾಯಿಲೆಗಳಿವೆ. ಸಿಂಬಳ, ಕೆಮ್ಮಿನ ಜೊತೆ ಬಾಯಲ್ಲಿ ಹುಣ್ಣು, ಕಣ್ಣಲ್ಲಿ ಪಿಚ್ಚು, ಭೇದಿ ಇದ್ದರೆ ಅದು ಹಿರೇಬೇನೆ, ಅಂದರೆ ಪಿಪಿಆರ್ ವೈರಸ್. ಅದರ ಬೆನ್ನಿಗೇ ಮ್ಯಾನ್‌ಹೈಮಿಯಾ ಬಂದು ಕೊನೆಯ ಪೆಟ್ಟು ಕೊಡುತ್ತದೆ. ಒಂದೇ ಹೊಳ್ಳೆಯಿಂದ ಸಿಂಬಳ, ಮತ್ತೆ ಮತ್ತೆ ಸೀನು, ತಲೆ ಕೊಡವುವುದು ಇದ್ದು ಜ್ವರ ಇಲ್ಲದಿದ್ದರೆ ಮೂಗಿನಲ್ಲಿ ನೊಣದ ಹುಳು ಇರಬಹುದು. ಜ್ವರವಿಲ್ಲದ ಹಳೆಯ ಒಣಕೆಮ್ಮು ಶ್ವಾಸಕೋಶದ ಜಂತುವಿನದೂ ಆಗಬಹುದು.

ಇನ್ನು ನಾವೇ ಕೈಯಾರೆ ತರುವ ನ್ಯುಮೋನಿಯಾ ಒಂದಿದೆ. ಜಂತಿನ ಔಷಧಿಯನ್ನೋ ಕಷಾಯವನ್ನೋ ಗೊಟ್ಟದಲ್ಲಿ ಹಾಕುವಾಗ ತಲೆಯನ್ನು ಮೇಲಕ್ಕೆತ್ತಿ ನಾಲಿಗೆ ಎಳೆದು ಹಿಡಿದರೆ, ದ್ರವ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಒಂದೆರಡು ದಿನದಲ್ಲಿ ಏದುಸಿರು, ಆಮೇಲೆ ಉಸಿರಿನಲ್ಲಿ ಕೊಳೆತ ನಾತ. ಬದುಕುವುದು ಕಷ್ಟ. ಮೂತಿ ನೆಲಕ್ಕೆ ಸಮಾನಾಂತರವಾಗಿರಲಿ, ಔಷಧಿ ಬಾಯಿಯ ಪಕ್ಕದಿಂದ ನಿಧಾನವಾಗಿ ಹೋಗಲಿ, ಕೆಮ್ಮಿದರೆ ತಕ್ಷಣ ತಲೆ ಬಿಡಿ. ಈಗಾಗಲೇ ಏದುಸಿರು ಬಿಡುತ್ತಿರುವ ಪ್ರಾಣಿಗೆ ಬಾಯಿಂದ ಏನನ್ನೂ ಸುರಿಯಬಾರದು. ಅದರ ಮುಂದೆ ಬೇವಿನ ಸೊಪ್ಪಿನ ಹೊಗೆಯನ್ನೂ ಹಾಕಬಾರದು.

ಔಷಧಿ: ಎಷ್ಟು, ಯಾವುದು, ಎಲ್ಲಿ ತಪ್ಪುತ್ತದೆ

ಯಾವ ಆಂಟಿಬಯೋಟಿಕ್ ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು. ಆದರೆ ಲೆಕ್ಕ ಸಾಕುವವರಿಗೂ ಗೊತ್ತಿರಬೇಕು, ಏಕೆಂದರೆ ಹೆಚ್ಚಿನ ಚಿಕಿತ್ಸೆ ಸೋಲುವುದು ಔಷಧಿ ತಪ್ಪಿ ಅಲ್ಲ, ಪ್ರಮಾಣ ತಪ್ಪಿ. ಕಣ್ಣಂದಾಜಿನಲ್ಲಿ ತೂಕವನ್ನು ಕಡಿಮೆ ಹೇಳುವುದು ವಾಡಿಕೆ. ಟೇಪಿನಲ್ಲಿ ಮುಂಗಾಲ ಹಿಂದಿನ ಎದೆಸುತ್ತಳತೆಯನ್ನೂ ಭುಜದಿಂದ ಬಾಲದ ಬುಡದವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 28, ಉದ್ದ 26 ಇಂಚು ಇದ್ದರೆ ಸುಮಾರು 31 ಕಿಲೋ. ಉಣ್ಣೆ ದಟ್ಟವಾಗಿದ್ದರೆ ಟೇಪನ್ನು ಬಿಗಿಹಿಡಿಯಿರಿ.

ಹೆಚ್ಚು ಬಳಕೆಯಲ್ಲಿರುವುದು ಲಾಂಗ್ ಆಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್. ಒಂದು ಮಿಲಿಯಲ್ಲಿ 200 ಮಿಲಿಗ್ರಾಂ ಇರುವ ಬಾಟಲಿಯಾದರೆ 10 ಕಿಲೋ ತೂಕಕ್ಕೆ 1 ಮಿಲಿ, ಅಂದರೆ ಮೇಲಿನ ಕುರಿಗೆ 3 ಮಿಲಿ. ಕುತ್ತಿಗೆಯ ಮಾಂಸಖಂಡಕ್ಕೆ ಕೊಡಬೇಕು. ತೊಡೆಗೆ ಹಾಕಿದರೆ ನರಕ್ಕೆ ಪೆಟ್ಟಾಗಿ ಕಾಲು ಎಳೆಯುವುದುಂಟು. ಒಂದೇ ಜಾಗಕ್ಕೆ 5 ಮಿಲಿ ಮೀರಬಾರದು. ಇದರ ಪರಿಣಾಮ ಸುಮಾರು ಮೂರು ದಿನ ಇರುತ್ತದೆ, ಆದ್ದರಿಂದ ಮುಂದಿನ ಡೋಸ್ ಮೂರು ದಿನ ತುಂಬಿದ ಮೇಲೆ. ದಿನವೂ ಕೊಡುವುದು ಒಂದು ತಪ್ಪು, ಒಂದೇ ಡೋಸಿಗೆ ಮೇವು ತಿಂದಿತು ಎಂದು ಬಿಡುವುದು ಇನ್ನೊಂದು ತಪ್ಪು. ಫ್ಲೋರ್‌ಫೆನಿಕಾಲ್ ಬರೆದುಕೊಟ್ಟರೆ, ಒಂದು ಮಿಲಿಯಲ್ಲಿ 300 ಮಿಲಿಗ್ರಾಂ ಇರುವ ಬಾಟಲಿಯಾದರೆ 15 ಕಿಲೋಗೆ 1 ಮಿಲಿ, 48 ಗಂಟೆ ಬಿಟ್ಟು ಎರಡನೇ ಡೋಸ್.

ಮೈಕೋಪ್ಲಾಸ್ಮಾಗೆ ಕೋಶಗೋಡೆಯೇ ಇಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫ್ಟಿಯೋಫರ್ ಕೆಲಸ ಮಾಡುವುದೇ ಆ ಗೋಡೆಯನ್ನು ಒಡೆದು. ಒಡೆಯಲು ಗೋಡೆ ಇಲ್ಲದ ಕಡೆ ಅವು ನಿರುಪಯೋಗಿ. ಸಲ್ಫಾ ಔಷಧಿಗಳೂ ಅಷ್ಟೇ. ಐದು ದಿನ ಪೆನಿಸಿಲಿನ್ ಚುಚ್ಚಿದರೂ ಮೇಕೆಗಳ ಕೆಮ್ಮು ಇಳಿಯದಿದ್ದರೆ ಅದಕ್ಕೆ ಕಾರಣ ಇದಿರಬಹುದು. ಟೈಲೋಸಿನ್ ಅಥವಾ ಟೆಟ್ರಾಸೈಕ್ಲಿನ್ ಗುಂಪಿಗೆ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಹೆಸರು ಹತ್ತಿರವಿರುವ ಟಿಲ್ಮಿಕೋಸಿನ್ ಎಂಬ ಇಂಜೆಕ್ಷನ್ ಮಾತ್ರ ಮೇಕೆಗೆ ಕೊಡಲೇಬಾರದು, ಹೃದಯ ನಿಂತು ಸಾಯುತ್ತದೆ. ಕೈತಪ್ಪಿ ಮನುಷ್ಯರಿಗೆ ಚುಚ್ಚಿಕೊಂಡರೂ ಪ್ರಾಣಾಪಾಯ.

ಆಂಟಿಬಯೋಟಿಕ್ ಜೊತೆ ಜ್ವರ, ಉರಿಯೂತ ಇಳಿಸಲು ಮೆಲೊಕ್ಸಿಕಾಮ್ ಕೊಡಿಸಿದರೆ ಪ್ರಾಣಿ ಬೇಗ ಮೇವಿಗೆ ಬಾಯಿ ಹಾಕುತ್ತದೆ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಎಂಬ ನೋವು ನಿವಾರಕ ಬಳಸುವುದನ್ನು ನಮ್ಮ ದೇಶ 2006ರಲ್ಲೇ ನಿಷೇಧಿಸಿತು. ಅದನ್ನು ಪಡೆದು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ರಣಹದ್ದುಗಳನ್ನು ನೆನೆದರೆ ಅಂಗಡಿಯವರು ಮನುಷ್ಯರ ಬಾಟಲಿ ಕೊಟ್ಟರೂ ತೆಗೆದುಕೊಳ್ಳಲು ಮನಸ್ಸು ಬರಬಾರದು. ಇನ್ನು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಅದನ್ನು ಚುಚ್ಚಿದ ಗಂಟೆಯಲ್ಲಿ ಕುರಿ ಎದ್ದು ನಿಲ್ಲುತ್ತದೆ, ಹೀಗಾಗಿ ಊರೂರು ತಿರುಗಿ ಇಂಜೆಕ್ಷನ್ ಹಾಕುವವರಿಗೆ ಅಚ್ಚುಮೆಚ್ಚು. ಅದು ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆ, ತುಂಬುಗಬ್ಬದ ಕುರಿಯಲ್ಲಿ ಗರ್ಭ ಇಳಿಸುತ್ತದೆ.

48 ಗಂಟೆಯಲ್ಲಿ ಜ್ವರ ಇಳಿಯದಿದ್ದರೆ ಔಷಧಿಯನ್ನು ಮರುಪರಿಶೀಲಿಸಬೇಕು. ಸತ್ತ ಪ್ರಾಣಿಯಿಂದ ಮಾದರಿ ಕಳಿಸುವುದಾದರೆ ಇನ್ನೂ ಔಷಧಿ ಬೀಳದೆ ಸತ್ತದ್ದನ್ನೇ ಆರಿಸಿ. ಗಟ್ಟಿಯಾದ ಭಾಗಕ್ಕೂ ಒಳ್ಳೆಯ ಭಾಗಕ್ಕೂ ನಡುವಿನ ಅಂಚಿನ ತುಂಡು ಬೇಕು, ಪೂರ್ತಿ ಕೊಳೆತ ನಡುಭಾಗದಲ್ಲಿ ರೋಗಾಣು ಸಿಗುವುದು ಕಷ್ಟ. ತುಂಡನ್ನು ಐಸ್ ನಡುವೆ ಇಟ್ಟು ಕಳಿಸಿ, ಫ್ರೀಜರ್ ಬೇಡ. ಬದುಕಿರುವ ಕುರಿಯ ಮೂಗಿನ ಸ್ವಾಬ್ ಒಂದರಲ್ಲಿ ಮ್ಯಾನ್‌ಹೈಮಿಯಾ ಸಿಕ್ಕಿತೆಂದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ಒಳ್ಳೆಯ ಕುರಿಯ ಮೂಗಿನಲ್ಲೂ ಅದು ಇರುತ್ತದಲ್ಲ.

ದೊಡ್ಡಿಯ ಗಾಳಿ

ಮಳೆ, ಚಳಿ ಬಂದಾಗ ಶೆಡ್ಡಿನ ನಾಲ್ಕೂ ಕಡೆ ಟಾರ್ಪಾಲಿನ್ ಕಟ್ಟಿ ಮುಚ್ಚುವುದು ಪ್ರೀತಿಯಿಂದ ಮಾಡುವ ಕೆಲಸ, ಫಲ ಮಾತ್ರ ಕೆಟ್ಟದ್ದು. ಒಣಗಿದ ಮೈಯ ದೊಡ್ಡ ಕುರಿ ನಮ್ಮ ಬಯಲುಸೀಮೆಯ ಚಳಿಯನ್ನು ಸುಲಭವಾಗಿ ತಡೆಯುತ್ತದೆ. ಅದು ತಡೆಯಲಾರದ್ದು ಒದ್ದೆ ಮೈ ಮೇಲೆ ಬೀಸುವ ಗಾಳಿಯನ್ನು ಮತ್ತು ಅಮೋನಿಯಾವನ್ನು. ನಿಂತಾಗ ನಮ್ಮ ಮೂಗಿಗೆ ವಾಸನೆ ಬರದಿರಬಹುದು. ಬೆಳಿಗ್ಗೆ ಶೆಡ್ ತೆರೆಯುವ ಮುನ್ನ ಒಳಗೆ ಹೋಗಿ ಕುರಿಯ ಮೂತಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಒಂದು ನಿಮಿಷ ಉಸಿರಾಡಿ. ಕಣ್ಣು ಉರಿದರೆ ಮರಿಗಳ ಶ್ವಾಸನಾಳದ ರೋಮಗಳು ಈಗಾಗಲೇ ಸೋಲುತ್ತಿವೆ.

ಹೊದಿಕೆಯನ್ನು ಕುರಿಯ ಬೆನ್ನಿಗಿಂತ ಒಂದಡಿ ಎತ್ತರದವರೆಗೆ ಕಟ್ಟಿ, ಅದರ ಮೇಲಿಂದ ಸೂರಿನವರೆಗೆ ತೆರೆದಿಡಿ. ಬಿಸಿಗಾಳಿ ಮೇಲಿಂದ ಹೋಗುತ್ತದೆ, ಎರಚಲು ಕುರಿಗೆ ತಾಗುವುದಿಲ್ಲ. ದೊಡ್ಡ ಕುರಿಗೆ 10ರಿಂದ 12 ಚದರ ಅಡಿ ಜಾಗ ಬೇಕು, ಮರಿಗೆ 4. ನೆಲಕ್ಕೆ ಸುಣ್ಣ ಎರಚುವ ಅಭ್ಯಾಸ ಒಳ್ಳೆಯದೇ, ಆದರೆ ಹಿಕ್ಕೆ, ಉಚ್ಚೆ ತೆಗೆಯದೆ ಒದ್ದೆ ಗೊಬ್ಬರದ ಮೇಲೇ ಸುಣ್ಣ ಬಿದ್ದರೆ ಅಮೋನಿಯಾ ಇನ್ನೂ ಹೆಚ್ಚು ಏಳುತ್ತದೆ. ಮೊದಲು ಗುಡಿಸಿ, ನೆಲ ಒಣಗಿದ ಮೇಲೆ ಹಾಕಿ. ಹೊಲದಲ್ಲಿ ಮಂದೆ ನಿಲ್ಲಿಸುವ ಕುರುಬರಿಗೆ ಶೆಡ್ಡಿನ ಈ ತೊಂದರೆ ಇಲ್ಲ, ಅವರ ಅಪಾಯ ಉಣ್ಣೆ ಕತ್ತರಿಸಿದ ಹೊಸತರಲ್ಲಿ ಸುರಿಯುವ ಮಳೆ. ಡೆಕ್ಕನಿ ಕುರಿಗೆ ಅದರ ಉಣ್ಣೆಯೇ ಕಂಬಳಿ, ಮಳೆ ಹಿಡಿಯುವ ಲಕ್ಷಣವಿದ್ದರೆ ಕತ್ತರಿಯನ್ನು ವಾರ ಮುಂದೂಡುವುದು ಲೇಸು.

ಸಂತೆಯಿಂದ ತಂದ ಮರಿಗಳು

ಅಮೀನಗಡದಂಥ ಸಂತೆಯಿಂದ ತಂದ ಮರಿ ಹಲವು ಊರುಗಳ ಹಿಂಡಿನ ಉಸಿರನ್ನು ಕುಡಿದು, ಹಸಿದು, ನೀರಿಲ್ಲದೆ, ಗಾಡಿಯಲ್ಲಿ ನಿಂತುಕೊಂಡೇ ಬಂದಿರುತ್ತದೆ. ತಂದ ವಾರ ಹತ್ತು ದಿನದೊಳಗೆ ನ್ಯುಮೋನಿಯಾ ಕಾಣುವುದು ಇದಕ್ಕೇ. ಇಳಿಸಿದ ಕೂಡಲೇ ನೀರು, ಒಣಮೇವು, ನೆರಳು ಸಾಕು. ಕಾಳು, ಹಿಂಡಿಯನ್ನು ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿ. ಅದೇ ದಿನ ಜಂತಿನ ಔಷಧಿ, ಲಸಿಕೆ, ಮೈ ತೊಳೆಯುವುದು ಎಲ್ಲವನ್ನೂ ಮುಗಿಸಿಬಿಡುವ ಆತುರ ಮರಿಗಳಿಗೆ ಮುಳುವಾಗುತ್ತದೆ. ಎರಡು ಮೂರು ದಿನ ಸುಧಾರಿಸಿಕೊಳ್ಳಲಿ. ಕುರಿಯಾದರೆ 21 ದಿನ, ಮೇಕೆಯಾದರೆ 30 ದಿನ ಬೇರೆ ಕಡೆ ಕಟ್ಟಿ, ಹಳೆಯ ಹಿಂಡಿನ ಕೆಲಸ ಮುಗಿಸಿದ ಮೇಲೆ ಇವುಗಳ ಹತ್ತಿರ ಹೋಗಿ. ಸಿಸಿಪಿಪಿ ಸಾಮಾನ್ಯವಾಗಿ 6ರಿಂದ 10 ದಿನಕ್ಕೆ ಕಾಣಿಸಿಕೊಂಡರೂ ಮೂರು ನಾಲ್ಕು ವಾರ ಅಡಗಿರುವುದುಂಟು.

ಪಿಪಿಆರ್ ಲಸಿಕೆಯನ್ನು ತಪ್ಪಿಸಬೇಡಿ. ಸುಂಗ್ರಿ 96 ಎಂಬ ವೈರಸ್ ತಳಿಯಿಂದ ಮಾಡಿದ ನಮ್ಮ ಲಸಿಕೆ ಚರ್ಮದಡಿ 1 ಮಿಲಿ ಸಾಕು, ಕನಿಷ್ಠ ಮೂರು ವರ್ಷ ಕಾಯುತ್ತದೆ. ಅದು ವೈರಸ್ಸಿನ ಲಸಿಕೆಯಾದರೂ, ವೈರಸ್ ತೆರೆಯುವ ಬಾಗಿಲು ಮುಚ್ಚಿದಂತಾಗಿ ಬ್ಯಾಕ್ಟೀರಿಯಾದ ನ್ಯುಮೋನಿಯಾವೂ ಕಡಿಮೆಯಾಗುತ್ತದೆ. ಎಳೆಮರಿಗಳ ಪಾಲಿಗೆ ಲಸಿಕೆ ಗಿಣ್ಣುಹಾಲೇ: ಎರಡೂವರೆ ಕಿಲೋ ಮರಿಗೆ ಹುಟ್ಟಿದ ಎರಡು ಗಂಟೆಯೊಳಗೆ ಸುಮಾರು 125 ಮಿಲಿ, ಮೊದಲ ದಿನದಲ್ಲಿ ಒಟ್ಟು ಅರ್ಧ ಲೀಟರ್. ತಾಯಿಯ ಕೆಚ್ಚಲು ಹಿಂಡಿ ಹಾಲು ಇಳಿಯುತ್ತದೆಯೇ ಎಂದು ನೋಡದೆ ಮರಿ ಕುಡಿದಿದೆ ಎಂದು ನಂಬಬೇಡಿ.

ಬದುಕಿ ಉಳಿದವುಗಳ ಬಗ್ಗೆಯೂ ಕಠಿಣವಾಗಿ ಯೋಚಿಸಬೇಕಾಗುತ್ತದೆ. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದು ಅಪರೂಪ, ಒಳಗೆ ಕೀವುಗಡ್ಡೆ ಉಳಿದು ಮುಂದಿನ ಮಳೆಗೆ ಮತ್ತೆ ಕೆದರಬಹುದು. ಎರಡು ವಾರಕ್ಕೊಮ್ಮೆ ತೂಗಿ. ಎರಡು ತಿಂಗಳಾದರೂ ತೂಕ ಏರದ ಮರಿಗೆ ಹಿಂಡಿ ಹಾಕುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಮಾಂಸಕ್ಕೆ ಕೊಡುವುದಾದರೆ ಕೊನೆಯ ಇಂಜೆಕ್ಷನ್ನಿನಿಂದ ಬಾಟಲಿಯ ಮೇಲೆ ಬರೆದಷ್ಟು ದಿನ, ಲಾಂಗ್ ಆಕ್ಟಿಂಗ್ ಆಕ್ಸಿಟೆಟ್ರಾಸೈಕ್ಲಿನ್‌ಗೆ ಸಾಮಾನ್ಯವಾಗಿ 28 ದಿನ, ಕಾಯಲೇಬೇಕು. ಕೆಮ್ಮು ಬಿಡದ ಹೆಣ್ಣು ಕುರಿಯನ್ನು ಮರಿ ಹಾಕಿಸಲು ಇಟ್ಟುಕೊಳ್ಳಬೇಡಿ. ಮೈಕೋಪ್ಲಾಸ್ಮಾ ಅದರ ಮೂಗಿನಿಂದ ಮೊದಲ ಕೆಲವು ವಾರಗಳಲ್ಲೇ ಮರಿಗೆ ದಾಟುತ್ತದೆ, ಆ ಮರಿಯಿಂದ ಪಕ್ಕದ ಮರಿಗೆ.